ನಡುಮನೆಯ ಸಮುದ್ರ

ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಕೋಲಾರದಲ್ಲಿ ಕುಳಿತು ಸಮುದ್ರಜೀವಿ ಸಾಕುವ ಆಸೆ ನನಗೇಕೆ ಹುಟ್ಟಿತೋ ಕಾಣೆ. ನಮ್ಮ ಮನೆಯ ಬೋರ್‌ವೆಲ್ಲೇ 1,200 ಅಡಿ ಆಳದಿಂದ ಕೆಮ್ಮುತ್ತಾ, ಕ್ಯಾಕರಿಸುತ್ತಾ ನೀರು ಕೊಡುತ್ತದೆ.

ಮೊದಲು ಮನಸ್ಸು ಹೋದದ್ದು ಆಕ್ಟೋಪಸ್ ಮೇಲೆ. ಮೂರು ಹೃದಯ, ನೀಲಿ ರಕ್ತ. ನೆಂಟರ ಮುಂದೆ ಜಂಬ ಕೊಚ್ಚಲು ಇನ್ನೇನು ಬೇಕು? ಆದರೆ 2016ರಲ್ಲಿ ನ್ಯೂಜಿಲೆಂಡಿನಲ್ಲಿ ಇಂಕಿ ಎಂಬ ಆಕ್ಟೋಪಸ್ ತೊಟ್ಟಿಯಿಂದ ನುಸುಳಿ, ನೆಲದ ಮೇಲೆ ತೆವಳಿ, ಕೊಳವೆ ಹಿಡಿದು ಸಮುದ್ರ ಸೇರಿದ ಕಥೆಯನ್ನು ಹೆಂಡತಿಗೆ ಹೇಳಿ ಕೆಟ್ಟೆ. "ನಮ್ಮ ಮೋರಿ ಹಿಡಿದು ಹೋದರೆ ಅದು ಎಲ್ಲಿ ಸೇರುತ್ತದೆ ರೀ? ಎದುರುಮನೆಯವರ ಬಚ್ಚಲಿಗೆ!"

ಸಮುದ್ರಕುದುರೆಗೆ ಮಾತ್ರ ಅವಳು ಒಲಿದಳು. ಅದರಲ್ಲಿ ಬಸಿರು ಹೊರುವುದು ಗಂಡು. "ಇದನ್ನೇ ತನ್ನಿ, ನೋಡಿ ಕಲಿಯುವುದು ಬಹಳ ಇದೆ." ಆದರೆ ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಕುದುರೆ ಗಾಜಿನೊಳಗೆ, ನಾನು ಕಂಬಿಯೊಳಗೆ.

ಕೊನೆಗೆ ಕ್ಲೌನ್ ಮೀನು ಎಂದು ತೀರ್ಮಾನವಾಯಿತು. ಅಡುಗೆ ಉಪ್ಪು ನಡೆಯದು, ಅದಕ್ಕೆಂದೇ ಬರುವ ಸಮುದ್ರದ ಉಪ್ಪನ್ನು ಲೀಟರಿಗೆ 35 ಗ್ರಾಂನಂತೆ ಶುದ್ಧ ನೀರಿಗೆ ಬೆರೆಸಬೇಕು ಎಂದ ಅಂಗಡಿಯವನು. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ, 20 ಲೀಟರಿನ ನಾಲ್ಕು ಕ್ಯಾನ್ ಹೊತ್ತು ತಂದೆ. ಫ್ಲೋರೈಡು, ಲವಣಗಳನ್ನೆಲ್ಲ ಸೋಸಿ ಕೊಟ್ಟ ಆ ಸಿಹಿನೀರಿಗೆ ಎರಡು ಕಿಲೋ ಎಂಟುನೂರು ಗ್ರಾಂ ಉಪ್ಪು ಸುರಿಯುವಾಗ ಅಮ್ಮ ಮುಖ ತಿರುಗಿಸಿಕೊಂಡರು. "ಬೇಸಗೆಯಲ್ಲಿ ಮಾಡುವ ಕೆಲಸವೇನೋ ಇದು? ಮಾವಿನಕಾಯಿಯನ್ನಾದರೂ ಹಾಕು, ಉಪ್ಪಿನಕಾಯಿ ಆದೀತು."

ಅಷ್ಟಾದರೂ ಮೀನಿಲ್ಲ. ಮೀನಿನಿಂದ ಹೊರಬೀಳುವ ಅಮೋನಿಯಾವನ್ನು ಅರಗಿಸಿಕೊಳ್ಳುವ ಬ್ಯಾಕ್ಟೀರಿಯಾ ಮೊದಲು ನೆಲೆಯೂರಬೇಕಂತೆ, ಅದಕ್ಕೆ ತಿಂಗಳಾದರೂ ಬೇಕಂತೆ. ಮನೆಗೆ ಬಂದವರೆಲ್ಲ ಗಾಜಿಗೆ ಮೂಗೊತ್ತಿ, "ಎಲ್ಲಿ ಮೀನು?" ಎನ್ನುವರು. "ಸದ್ಯಕ್ಕೆ ಬ್ಯಾಕ್ಟೀರಿಯಾ ಸಾಕಿದ್ದಾರೆ," ಎಂದು ಹೆಂಡತಿ ಕಾಫಿ ಲೋಟ ಮುಂದಿಡುತ್ತಿದ್ದಳು.

ಮೂರನೆಯ ವಾರ ಮುಳಬಾಗಿಲಿನಿಂದ ಸೋದರಮಾವ ಬಂದು ಉಳಿದರು. ಬೆಳಗಿನ ಜಾವ ಕರೆಂಟಿಲ್ಲ, ನಲ್ಲಿಯಲ್ಲಿ ನೀರೂ ಇಲ್ಲ. ಕತ್ತಲಲ್ಲಿ ತಡಕಾಡಿದವರ ಕೈಗೆ ತುಂಬಿದ ತೊಟ್ಟಿಯೊಂದು ಸಿಕ್ಕಿದೆ. ಚೊಂಬು ಅದ್ದಿ ಬಾಯಿ ಮುಕ್ಕಳಿಸಿದ್ದಾರೆ. ಥೂ ಥೂ ಎಂಬ ಸದ್ದಿಗೆ ನಾನು ಎದ್ದು ಓಡಿ ಬಂದರೆ, ಅಂಗಳದಲ್ಲಿ ನಿಂತು ಮೀಸೆ ಒರೆಸಿಕೊಳ್ಳುತ್ತಿದ್ದಾರೆ.

"ಎಷ್ಟು ಅಡಿ ಕೊರೆಸಿದೆಯೋ ಬೋರ್‌ವೆಲ್ಲು? ಪುಣ್ಯಾತ್ಮ, ಸೀದಾ ಸಮುದ್ರಕ್ಕೇ ಇಳಿಸಿಬಿಟ್ಟಿದ್ದಾನಲ್ಲ!"