ಅರೆಬೆಂದ ಮೊಟ್ಟೆಗೆ ವಿಷಲ್ ಲೆಕ್ಕ ಬೇಡ

ಈಗಷ್ಟೇ ಇನ್ನೊಂದು ರೀಲ್ ನೋಡಿದೆ. 'ಕುಕ್ಕರಿಗೆ ನೀರು, ಮೊಟ್ಟೆ ಹಾಕಿ ಎರಡು ವಿಷಲ್ ಕೂಗಿಸಿ, ಹಳದಿ ಮೆತ್ತಗೆ ಇರುತ್ತೆ' ಅಂತೆ. ಇರಲ್ಲ! ಅದನ್ನು ನಂಬಿ ಮಾಡಿದವರಿಗೆ ಸಿಗೋದು ಪುಡಿಪುಡಿ ಹಳದಿ, ಅದರ ಸುತ್ತ ಹಸಿರುಗಪ್ಪು ಗೆರೆ. ಜಾಸ್ತಿ ಬೆಂದಾಗ ಬಿಳಿ ಭಾಗದಲ್ಲಿರೋ ಗಂಧಕ ಹಳದಿಯಲ್ಲಿರೋ ಕಬ್ಬಿಣದ ಜೊತೆ ಸೇರಿ ಆ ಬಣ್ಣ ಬರುತ್ತೆ.

ವಿಷಲ್ ಅನ್ನೋದು ಗಡಿಯಾರ ಅಲ್ಲ ಮಾರಾಯ್ರೆ. ಒಳಗಿನ ಒತ್ತಡ ವೆಯ್ಟನ್ನು ಎತ್ತುವಷ್ಟಾಯ್ತು ಅಂತ ಅದು ಹೇಳುತ್ತೆ, ಅಷ್ಟೇ. ಒಂದು ಲೋಟ ನೀರಿಗೆ ಬೇಗ ಕೂಗುತ್ತೆ, ಅರ್ಧ ಕುಕ್ಕರ್ ನೀರಿಗೆ ತಡ. ಸಣ್ಣ ಒಲೆ, ದೊಡ್ಡ ಒಲೆ, ಸಡಿಲ ಗ್ಯಾಸ್ಕೆಟ್, ಎಲ್ಲದಕ್ಕೂ ಲೆಕ್ಕ ಬೇರೆ.

ಹಳದಿ 65 ಡಿಗ್ರಿಗೆ ಮಂದವಾಗೋಕೆ ಶುರು, 70 ದಾಟಿದರೆ ಗಟ್ಟಿ. ಬಿಳಿ ಪೂರ್ತಿ ಬಿಗಿಯೋಕೆ 80ರ ಹತ್ತಿರ ಬೇಕು. ಅಂದರೆ ಹೊರಗೆ ಚೆನ್ನಾಗಿ ಕಾಯಬೇಕು, ಆ ಬಿಸಿ ನಡುವಿಗೆ ಮುಟ್ಟೋದರೊಳಗೆ ಮೊಟ್ಟೆ ತಣ್ಣೀರಿಗೆ ಬೀಳಬೇಕು. ಕೂಗುವ ಕುಕ್ಕರಿನೊಳಗೆ ಸುಮಾರು 120 ಡಿಗ್ರಿ. ಒಲೆ ಆರಿಸಿದ ಮೇಲೂ ಪ್ರೆಶರ್ ಇಳಿಯೋ ತನಕ ಮುಚ್ಚಳ ತೆಗೆಯೋ ಹಾಗಿಲ್ಲ, ಅಷ್ಟು ಹೊತ್ತೂ ಮೊಟ್ಟೆ ಬೇಯುತ್ತಲೇ ಇರುತ್ತೆ. ಕೆಡೋದು ಇಲ್ಲೇ. ಚಮಚದಲ್ಲಿ ವೆಯ್ಟ್ ಎತ್ತಿ ಪ್ರೆಶರ್ ಬಿಡೋಣ ಅಂದರೆ ಕೈ ಸುಡುತ್ತೆ, ಒತ್ತಡ ದಿಢೀರ್ ಇಳಿದು ಮೊಟ್ಟೆಯೂ ಒಡೆಯಬಹುದು.

'ನಮ್ಮನೇಲಿ ಎರಡು ವಿಷಲಿಗೆ ಸರಿಯಾಗೇ ಬರುತ್ತಲ್ಲ' ಅನ್ನೋರಿದ್ದಾರೆ. ಅದೇ ಒಲೆ, ಅದೇ ಕುಕ್ಕರ್, ಅಷ್ಟೇ ನೀರು ಇದ್ದರೆ ಬರಬಹುದು. ನೆಂಟರು ಬಂದ ದಿನ ಮೊಟ್ಟೆ, ನೀರು ಎರಡೂ ಜಾಸ್ತಿ ಹಾಕಿ ನೋಡಿ.

ಕುಕ್ಕರೇ ಬೇಕಾದರೆ ವೆಯ್ಟ್ ತೆಗೆದಿಡಿ. ತಳಕ್ಕೆ ಒಂದು ದೊಡ್ಡ ಲೋಟ ನೀರು, ಸುಮಾರು 250 ಎಂಎಲ್. ಅಲ್ಯೂಮಿನಿಯಂ ಆದರೆ ಒಂದು ಹೋಳು ನಿಂಬೆ ಸಿಪ್ಪೆ, ಪಾತ್ರೆ ಕಪ್ಪಾಗಲ್ಲ. ನೀರು ಕುದಿದು ಹಬೆ ತುಂಬಿದ ಮೇಲೆ, ಇಡ್ಲಿ ತಟ್ಟೆಯ ಕುಳಿಗೊಂದರಂತೆ ಮೊಟ್ಟೆ ಕೂರಿಸಿ ಸ್ಟ್ಯಾಂಡ್ ಸಮೇತ ಇಳಿಸಿ. ನೀರು ತಟ್ಟೆಗೆ ತಾಗಬಾರದು. ಮುಚ್ಚಳ ಹಾಕಿದ ಕ್ಷಣದಿಂದ ಮೊಬೈಲಲ್ಲಿ ಟೈಮರ್: ಹೊರಗಿಟ್ಟ ಮೊಟ್ಟೆಗೆ 6 ನಿಮಿಷ, ಫ್ರಿಜ್ಜಿನದಕ್ಕೆ 7. ಉರಿ ಜೋರಾಗೇ ಇರಲಿ. ಎರಡಿರಲಿ, ಆರಿರಲಿ, ಹೊತ್ತು ಹೆಚ್ಚುಕಮ್ಮಿ ಅಷ್ಟೇ, ಯಾಕಂದ್ರೆ ಕಾಯಬೇಕಾದ ನೀರು ಅಷ್ಟೇ ಇದೆ. ದಪ್ಪ ಮೊಟ್ಟೆಗೆ ಅರ್ಧ ನಿಮಿಷ ಸೇರಿಸಿ. ಬೆಂಗಳೂರು, ಮಡಿಕೇರಿಯಲ್ಲಿ ನೀರು 100ಕ್ಕಿಂತ ಮೂರ್ನಾಲ್ಕು ಡಿಗ್ರಿ ಮೊದಲೇ ಕುದಿಯೋದರಿಂದ ಮಂಗಳೂರಿಗಿಂತ ಚೂರು ಜಾಸ್ತಿ ಹಿಡಿಯುತ್ತೆ.

ಆರಿಸಿದ ತಕ್ಷಣ ಮುಚ್ಚಳವನ್ನು ಮುಖದಿಂದಾಚೆಗೆ ಓರೆ ಮಾಡಿ ತೆಗೆದು, ಮೊಟ್ಟೆಗಳನ್ನು ಐಸ್ ನೀರಿಗೆ ಹಾಕಿ. ಎರಡು ನಿಮಿಷ ಬಿಟ್ಟು ದಪ್ಪ ತುದಿ ಕುಟ್ಟಿ, ನೀರೊಳಗೇ ಸುಲಿಯಿರಿ. ತೀರಾ ಹೊಸ ಮೊಟ್ಟೆಯ ಸಿಪ್ಪೆಗೆ ಬಿಳಿ ಅಂಟಿಕೊಂಡು ಬರುತ್ತೆ, ವಾರ ಕಳೆದದ್ದು ಸಲೀಸು.

ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ಮಾತ್ರ ಹಳದಿ ಮೆತ್ತಗಿರೋದು ಬೇಡ, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದೆ. ಅವರಿಗೆ ಇದೇ ಹಬೆಯಲ್ಲಿ 12 ನಿಮಿಷ ಇಡಿ, ಆಗಲೂ ವಿಷಲ್ ಬೇಕಾಗಿಲ್ಲ.