ಮಂಗಳಕ್ಕೆ ಮೂವತ್ತೇ ದಿನ, ಹೊರಡೋದು ಮಾತ್ರ ಕೇಳಬೇಡಿ

2025ರ ಫೆಬ್ರವರಿಯಲ್ಲಿ ರಷ್ಯಾದ ಪರಮಾಣು ಸಂಸ್ಥೆ ರೋಸಾಟಮ್ ಒಂದು ಪ್ರಕಟಣೆ ಕೊಟ್ಟಿತು. ಟ್ರಾಯ್ಟ್ಸ್ಕ್‌ನ ಪ್ರಯೋಗಾಲಯದಲ್ಲಿ ಪ್ಲಾಸ್ಮಾ (ಅಂದರೆ ವಿದ್ಯುದಾವೇಶ ಹೊತ್ತ ಅನಿಲ) ಎಂಜಿನ್ನಿನ ಮಾದರಿ ತಯಾರಾಗಿದೆ, ಇಂಥದ್ದರಿಂದ ಮಂಗಳ ಗ್ರಹಕ್ಕೆ 30ರಿಂದ 60 ದಿನದಲ್ಲಿ ಹೋಗಬಹುದು ಅಂತ. ಸುದ್ದಿಮನೆ ತಲುಪುವಷ್ಟರಲ್ಲಿ 60 ಉದುರಿತು. 'ಬಹುದು' ಅನ್ನೋದೂ ದಾರಿಯಲ್ಲೇ ಬಿತ್ತು. ಉಳಿದದ್ದು ಬೆಂಕಿ ಉಗುಳುತ್ತ ಹಾರುವ ಗ್ರಾಫಿಕ್ಸ್ ರಾಕೆಟ್ಟು, ಅದರ ಮೇಲೆ ದಪ್ಪಕ್ಷರದಲ್ಲಿ 'ಮಂಗಳಕ್ಕೆ ಬರೀ 30 ದಿನ!'

ಅಸಲಿ ಎಂಜಿನ್ ಎಲ್ಲಿಗೂ ಹೊರಟಿಲ್ಲ. ಅದರ ಪರೀಕ್ಷೆಗೆಂದು 4 ಮೀಟರ್ ಅಗಲ, 14 ಮೀಟರ್ ಉದ್ದದ ಒಂದು ಟ್ಯಾಂಕಿದೆ. ಒಳಗಿನ ಗಾಳಿಯನ್ನೆಲ್ಲ ಪಂಪು ಹಾಕಿ ಎಳೆದು, 'ಇದೇ ಬಾಹ್ಯಾಕಾಶ ಅಂದ್ಕೊಳಪ್ಪಾ' ಅಂತಾರೆ. ಪಾಪ, ಅದು ನಂಬುತ್ತದೆ. ಹೈಡ್ರೋಜನ್ ಕಣಗಳಿಗೆ ಕರೆಂಟಿನಿಂದ ಚುರುಕು ಮುಟ್ಟಿಸಿ, ಸೆಕೆಂಡಿಗೆ 100 ಕಿ.ಮೀ. ವೇಗದಲ್ಲಿ ಹಿಂದಕ್ಕೆಸೆಯುತ್ತದೆ.

ಈ 100 ಕಿ.ಮೀ. ನೌಕೆಯದೇ ವೇಗ ಅಂತ ಬರೆದ ಪುಣ್ಯಾತ್ಮರೂ ಇದ್ದಾರೆ. ಅದು ಹಿಂದಿನಿಂದ ಹೊರಬೀಳುವ ಕಣಗಳ ವೇಗ. ನೌಕೆಯ ಕಥೆ ತಿಳಿಯಬೇಕಾದರೆ ಇನ್ನೊಂದು ಅಂಕಿ ನೋಡಬೇಕಿತ್ತು: ನೂಕುಬಲ 6 ನ್ಯೂಟನ್. ಅರ್ಧ ಕೆಜಿಗಿಂತ ಚೂರು ಜಾಸ್ತಿ ಈರುಳ್ಳಿಯನ್ನು ಅಂಗೈ ಮೇಲಿಟ್ಟುಕೊಂಡರೆ ಎಷ್ಟು ಭಾರವೋ, ಅಷ್ಟು.

ಲೆಕ್ಕ ಹಾಕೋಣ. ಜನ, ಊಟ, ನೀರು, ಕರೆಂಟಿಗೊಂದು ಪರಮಾಣು ರಿಯಾಕ್ಟರ್ ಎಲ್ಲ ಸೇರಿ ನೌಕೆ 100 ಟನ್ ಅಂತಿಟ್ಟುಕೊಳ್ಳಿ. ಇಂಥ ಒಂದು ಎಂಜಿನ್ ಇಡೀ ದಿನ ನೂಕಿದರೆ ಗಂಟೆಗೆ 19 ಕಿ.ಮೀ. ವೇಗ ಬರುತ್ತದೆ. 30 ದಿನ ನೂಕಿದರೆ 560. ವಿಮಾನ ಇದಕ್ಕಿಂತ ಜೋರಾಗಿ ಹೋಗುತ್ತದೆ, ಕಾಸು ಕೊಟ್ಟರೆ ಉಪ್ಪಿಟ್ಟೂ ಸಿಗುತ್ತದೆ. 30 ದಿನದಲ್ಲಿ ಮಂಗಳ ಮುಟ್ಟಲು ಸೆಕೆಂಡಿಗೇ ಹತ್ತಾರು ಕಿ.ಮೀ. ಬೇಕು. ಆಮೇಲೆ ನಿಲ್ಲಬೇಕಲ್ವಾ? ಬ್ರೇಕಿನ ಬಗ್ಗೆ ಬ್ರೇಕಿಂಗ್ ನ್ಯೂಸ್‌ನವರು ತುಟಿ ಬಿಚ್ಚಲಿಲ್ಲ.

ಒಂದು ಸಾಲದಿದ್ದರೆ ನೂರು ಎಂಜಿನ್ ಹಾಕೋಣ ಅನ್ನಬಹುದು. ಹಾಕಿ. ಕರೆಂಟು ಯಾರ ಮನೆಯಿಂದ? ಈ ಒಂದಕ್ಕೇ 300 ಕಿಲೋವ್ಯಾಟ್ ಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಅಷ್ಟಗಲ ಸೌರಫಲಕ ಹರಡಿಕೊಂಡೂ ಅಷ್ಟು ಹುಟ್ಟಿಸುವುದಿಲ್ಲ. ರಿಯಾಕ್ಟರ್ ಒಯ್ದರಾಯ್ತು ಅಂತೀರಾ? 1965ರಲ್ಲಿ ಅಮೆರಿಕ ಸ್ನ್ಯಾಪ್-10ಎ ಅನ್ನೋ ರಿಯಾಕ್ಟರನ್ನು ಕಕ್ಷೆಗೆ ಕಳಿಸಿತ್ತು. ಸುಮಾರು ಅರ್ಧ ಕಿಲೋವ್ಯಾಟ್ ಕೊಟ್ಟು, 43 ದಿನಕ್ಕೆ ಕೆಲಸ ನಿಲ್ಲಿಸಿತು.

ರಷ್ಯನ್ನರನ್ನೇ ಆಡಿಕೊಳ್ಳುವುದು ನ್ಯಾಯವಲ್ಲ. ಅಮೆರಿಕದ ಫ್ರಾಂಕ್ಲಿನ್ ಚಾಂಗ್ ಡಿಯಾಸ್ ಏಳು ಸಲ ಬಾಹ್ಯಾಕಾಶಕ್ಕೆ ಹೋಗಿಬಂದ ಗಟ್ಟಿಗ. ಅವರ ವಾಸಿಮರ್ ಅನ್ನೋ ಪ್ಲಾಸ್ಮಾ ಎಂಜಿನ್ 2009ರಲ್ಲಿ 200 ಕಿಲೋವ್ಯಾಟ್ ಮುಟ್ಟಿದ್ದೇ ತಡ, 'ಮಂಗಳಕ್ಕೆ 39 ದಿನ' ಅಂತ ಡಂಗುರ ಬಿತ್ತು. ಅಷ್ಟು ಬೇಗ ಹೋಗಲು 200 ಮೆಗಾವ್ಯಾಟ್ ಬೇಕು, ಅಂದರೆ ಸಾವಿರ ಪಟ್ಟು. ಇದು ಶೀರ್ಷಿಕೆಯಲ್ಲಿ ಹಿಡಿಸಲಿಲ್ಲ. 2021ರಲ್ಲಿ ಅದೇ ಜಾತಿಯ ಎಂಜಿನ್ ಟೆಕ್ಸಾಸ್‌ನ ಟ್ಯಾಂಕಿನಲ್ಲಿ 80 ಕಿಲೋವ್ಯಾಟ್‌ನಲ್ಲಿ 88 ಗಂಟೆ ಬಿಡದೆ ಓಡಿತು. ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದು ನಾಲ್ಕು ದಿನವೂ ಆಗಲಿಲ್ಲ ನೋಡಿ, ಯಾರೂ ಗ್ರಾಫಿಕ್ಸ್ ಮಾಡಿಸಲಿಲ್ಲ.

ನಮ್ಮ ಇಸ್ರೋದ್ದೂ ಅದೇ ಪಾಡು. 2025ರ ಮಾರ್ಚ್‌ನಲ್ಲಿ 300 ಮಿಲಿನ್ಯೂಟನ್ನಿನ ಪ್ಲಾಸ್ಮಾ ಥ್ರಸ್ಟರನ್ನು (ನೂಕುವ ಪುಟ್ಟ ಎಂಜಿನ್) ನಿರ್ವಾತದ ಕೋಣೆಯಲ್ಲಿ 1000 ಗಂಟೆ ಓಡಿಸಿದ್ದನ್ನು ತಿಳಿಸಿದರು. ನಡುನಡುವೆ ನಿಲ್ಲಿಸಿ, ಒಳಗಿನ ಪದರ ಎಷ್ಟು ಸವೆದಿದೆ ಅಂತ ನೋಡಿದರಂತೆ. ಉಪಗ್ರಹವನ್ನು ಕೆಳಗಿನ ಕಕ್ಷೆಯಿಂದ ಮೇಲಿನ ಕಕ್ಷೆಗೇರಿಸಲು ರಾಸಾಯನಿಕ ಇಂಧನದ ಬದಲು ಇದನ್ನೇ ಬಳಸುವ ಯೋಚನೆ. ಮಂಗಳದ ಹೆಸರೆತ್ತಲಿಲ್ಲ, ದಿನದ ಲೆಕ್ಕ ಕೊಡಲಿಲ್ಲ. ಪದರ ಸವೆದದ್ದನ್ನು ನೋಡಲು ಯಾವ ಚಾನೆಲ್ಲು ಓಬಿ ವ್ಯಾನ್ ಕಳಿಸುತ್ತದೆ ಹೇಳಿ?

ಆದರೆ ಶೀರ್ಷಿಕೆಯವರ ಪ್ರಗತಿಯನ್ನು ಒಪ್ಪಲೇಬೇಕು. 2009ರಲ್ಲಿ 39 ದಿನ, 2025ರಲ್ಲಿ 30. ಒಬ್ಬರೂ ಮನೆ ಬಿಡದೆ, ಸುಮ್ನೆ ಕೂತಲ್ಲೇ 9 ದಿನ ಉಳಿಸಿದ್ದಾರೆ. ಇದೇ ಸ್ಪೀಡಲ್ಲಿ ಹೋದರೆ 2080ರ ಹೊತ್ತಿಗೆ ನಾವು ಹೊರಡುವ ಮೊದಲೇ ಮಂಗಳ ತಲುಪಿರುತ್ತೇವೆ.