ಬಿಜೈಯ ಮ್ಯೂಸಿಯಂನಲ್ಲಿ ನಮ್ಮ ಕಾಯಿಲೆಗಳಿಗೂ ಒಂದು ಕೋಣೆ

ನಮ್ಮ ಮಂಗಳೂರು, ಉಡುಪಿ ಕಡೆಯಿಂದ ಯಾರಾದರೂ ಲಂಡನ್ನಿಗೆ ಬಂದರೆ, ಅರಮನೆ ಸೇತುವೆ ಎಲ್ಲ ನೋಡಿ ಮುಗಿದ ಮೇಲೆ, ಅವರನ್ನು ಒಂದು ಚರ್ಚಿನ ಅಟ್ಟಕ್ಕೆ ಹತ್ತಿಸುವುದು ನನ್ನ ರೂಢಿ. ಲಂಡನ್ ಬ್ರಿಡ್ಜ್ ಸ್ಟೇಷನ್ನಿಗೆ ಹತ್ತಿರದಲ್ಲೇ ಇರುವ ಸೇಂಟ್ ಥಾಮಸ್ ಚರ್ಚು ಅದು. ಕಿರಿದಾದ ಸುರುಳಿ ಮೆಟ್ಟಿಲು ಹತ್ತಿ ಹೋದರೆ ಮಾಡಿನ ಕೆಳಗೆ 1822ರ ಆಪರೇಷನ್ ಥಿಯೇಟರ್ ಇದೆ. ನಡುವೆ ಒಂದು ಮರದ ಮೇಜು. ಅದರಡಿಯಲ್ಲಿ ರಕ್ತ ಹೀರಿಕೊಳ್ಳಲು ಮರದ ಹುಡಿ ತುಂಬಿದ ಪೆಟ್ಟಿಗೆ. ಸುತ್ತಲೂ ವಿದ್ಯಾರ್ಥಿಗಳು ನಿಂತು ನೋಡುತ್ತಿದ್ದ ಸಾಲುಗಳು. ಈಥರ್ ಕೊಟ್ಟು ಅರಿವು ತಪ್ಪಿಸುವ ಕ್ರಮ ಶುರುವಾದದ್ದು 1846ರಲ್ಲಿ. ಅಲ್ಲಿಯವರೆಗೆ ಈ ಮೇಜಿನ ಮೇಲೆ ಕಾಲು ಕತ್ತರಿಸಿಕೊಂಡವರೆಲ್ಲ ಪೂರ್ತಿ ಎಚ್ಚರದಲ್ಲೇ ಇದ್ದರು. ಎಲ್ಲರೂ ಬಡ ಹೆಂಗಸರು. ದುಡ್ಡಿದ್ದವರ ಮನೆಗೆ ಸರ್ಜನ್ನೇ ಹೋಗುತ್ತಿದ್ದ.

1862ರಲ್ಲಿ ರೈಲು ದಾರಿಗೆ ಜಾಗ ಬಿಟ್ಟುಕೊಟ್ಟು ಆಸ್ಪತ್ರೆ ಬೇರೆ ಕಡೆ ಹೋಯಿತು. ಅಟ್ಟದ ಬಾಗಿಲು ಮುಚ್ಚಿತು, ಆ ಕೋಣೆ ಎಲ್ಲರಿಗೂ ಮರೆತೇ ಹೋಯಿತು. 1956ರಲ್ಲಿ ಹಳೆಯ ಆಸ್ಪತ್ರೆಯ ಚರಿತ್ರೆ ಹುಡುಕುತ್ತಿದ್ದ ಒಬ್ಬರು ಏಣಿ ಇಟ್ಟು ಹತ್ತಿ ನೋಡಿದಾಗ ಮತ್ತೆ ಬೆಳಕಿಗೆ ಬಂತು. ಪಕ್ಕದ ಅಟ್ಟದಲ್ಲಿ ಆಸ್ಪತ್ರೆಯವರು ಗಿಡಮೂಲಿಕೆ ಒಣಗಿಸುತ್ತಿದ್ದರು. ಅಫೀಮಿನ ಒಣ ಕಾಯಿಗಳು ಅಲ್ಲಿಯೇ ಸಿಕ್ಕಿವೆ. ಅಮ್ಮನನ್ನು ಕರೆದುಕೊಂಡು ಹೋದಾಗ ಅವರು ಥಿಯೇಟರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ತೂಗುಹಾಕಿದ ಸೊಪ್ಪು, ಬೇರುಗಳ ಹತ್ತಿರ ಬಂದು, ‘ಇದು ನಮ್ಮ ಅಟ್ಟದ ಹಾಗೇ ಉಂಟಲ್ಲ ಮಗಾ’ ಎಂದರು. ಬಜೆ, ಅಣಿಲೆಕಾಯಿ, ಜಾಯಿಕಾಯಿ, ಒಣಗಿಸಿದ ಪುನರ್ಪುಳಿ ಸಿಪ್ಪೆ ಎಂದು ಕಟಪಾಡಿಯ ಮನೆಯ ಅಟ್ಟದಲ್ಲಿದ್ದದ್ದನ್ನೆಲ್ಲ ಹೇಳುತ್ತಾ ಹೋದರು. ಆ ಮನೆ ಈಗಿಲ್ಲ.

ನಾನು ಫಾರ್ಮಸಿ ಓದಿ ಇಲ್ಲಿನ ಔಷಧಾಲಯವೊಂದರಲ್ಲಿ ಕೆಲಸ ಮಾಡುತ್ತಿರುವುದರಿಂದ ಇಂಥ ಜಾಗಗಳ ಮೇಲೆ ನನಗೆ ಆಸೆ ಹೆಚ್ಚು. ಈ ಊರಿನವರು ಕಾಯಿಲೆಯ ನೆನಪನ್ನು ಎಷ್ಟು ಜೋಪಾನ ಮಾಡುತ್ತಾರೆಂದು ನೋಡಿದಾಗಲೆಲ್ಲ ನಮ್ಮ ಕರಾವಳಿ ಕಣ್ಣ ಮುಂದೆ ಬರುತ್ತದೆ. ಮಂಗಳೂರಿನ ಬಿಜೈಯಲ್ಲಿರುವ ಸರ್ಕಾರಿ ಮ್ಯೂಸಿಯಂನಲ್ಲಿ ನಮ್ಮ ಕಾಯಿಲೆಗಳ ನೆನಪಿಗೂ ಒಂದು ಕೋಣೆ ಇರಬೇಕಿತ್ತು ಅನ್ನಿಸುತ್ತದೆ. ಪೆನಿಸಿಲಿನ್ ಕಂಡುಹಿಡಿದ 1928ರ ಪ್ರಯೋಗಶಾಲೆಯನ್ನು ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಂದು ಇದ್ದ ಹಾಗೇ ಮತ್ತೆ ಜೋಡಿಸಿ ಇಟ್ಟಿದ್ದಾರೆ. ಸೋಹೋದ ಬ್ರಾಡ್‌ವಿಕ್ ರಸ್ತೆಯಲ್ಲಿ, ಹಿಡಿಕೆಯಿಲ್ಲದ ಒಂದು ನೀರಿನ ಪಂಪು ನಿಂತಿದೆ, ಹಳೆಯದರ ಪ್ರತಿಕೃತಿ. 1854ರಲ್ಲಿ ಅಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ಜಾನ್ ಸ್ನೋ ಮನೆಮನೆ ತಿರುಗಿ ಸಾವಿನ ಲೆಕ್ಕ ತೆಗೆದು, ರೋಗ ಬರುತ್ತಿರುವುದು ಅಲ್ಲಿದ್ದ ಪಂಪಿನ ನೀರಿನಿಂದ ಎಂದು ತೋರಿಸಿ, ಅದರ ಹಿಡಿಕೆ ತೆಗೆಸಿದರು. ಅದನ್ನು ನೋಡಲು ಟಿಕೇಟು ಬೇಡ. ದಾರಿಯಲ್ಲಿ ಹೋಗುವ ಶಾಲೆ ಮಕ್ಕಳೂ ನಿಂತು ಓದುತ್ತಾರೆ.

ಹಾಗೆಂದು ಇಲ್ಲಿಯವರು ಮಾಡಿದ್ದೆಲ್ಲ ಸರಿ ಎಂದು ಹೇಳಲಾರೆ. ಸರ್ಜನ್ನರ ಕಾಲೇಜಿನ ಹಂಟೇರಿಯನ್ ಮ್ಯೂಸಿಯಂನಲ್ಲಿ ಚಾರ್ಲ್ಸ್ ಬರ್ನ್ ಎಂಬ ಐರಿಷ್ ಯುವಕನ ಅಸ್ಥಿಪಂಜರ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಬಹಳ ಎತ್ತರದ ಆಳು, ಅದನ್ನೇ ಜನರಿಗೆ ತೋರಿಸಿ ಹೊಟ್ಟೆ ಹೊರೆದವನು. ಸತ್ತ ಮೇಲೆ ತನ್ನನ್ನು ಕೊಯ್ಯಬಾರದು, ಸಮುದ್ರಕ್ಕೆ ಬಿಡಬೇಕು ಎಂದು ಬೇಡಿಕೊಂಡಿದ್ದ. 1783ರಲ್ಲಿ ಸತ್ತಾಗ ಸರ್ಜನ್ ಜಾನ್ ಹಂಟರ್ ದುಡ್ಡು ಕೊಟ್ಟು ಹೆಣ ಪಡೆದರು. 2023ರಲ್ಲಿ ಮ್ಯೂಸಿಯಂ ದುರಸ್ತಿಯಾಗಿ ಮತ್ತೆ ತೆರೆದಾಗ ಆ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆದಿದ್ದರು. ಸಮುದ್ರಕ್ಕಂತೂ ಇನ್ನೂ ಬಿಟ್ಟಿಲ್ಲ. ಅದಕ್ಕೆ ಹಿಂದಿನ ವರ್ಷ ವೆಲ್ಕಮ್ ಸಂಗ್ರಹಾಲಯದವರೂ ತಮ್ಮ ಹಳೆಯ ಪ್ರದರ್ಶನವೊಂದನ್ನು ಮುಚ್ಚಿದರು. ಒಬ್ಬ ಶ್ರೀಮಂತ ಜಗತ್ತಿನಾದ್ಯಂತ ಕೂಡಿಹಾಕಿದ ವಸ್ತುಗಳನ್ನು ಅವನ ಕಣ್ಣಿನಿಂದಲೇ ತೋರಿಸುವುದು ಸರಿಯಲ್ಲ ಎಂಬ ಕಾರಣಕ್ಕೆ. ವೈದ್ಯನ ಕಥೆ ಹೇಳುತ್ತಾ ಬಂದವರು ರೋಗಿಯ ಕಡೆಯಿಂದ ಹೇಳಲು ಈಗ ಕಲಿಯುತ್ತಿದ್ದಾರೆ. ನಾವು ಇನ್ನೂ ಶುರುವೇ ಮಾಡದವರಾದ್ದರಿಂದ ಮೊದಲಿನಿಂದಲೇ ರೋಗಿಯ ಕಡೆಯಿಂದ ಹೊರಡಬಹುದು.

ಮಣಿಪಾಲದಲ್ಲಿ ಒಂದು ಒಳ್ಳೆಯ ಮ್ಯೂಸಿಯಂ ಉಂಟಲ್ಲ ಎಂದು ಊರಿನವರು ಕೇಳುತ್ತಾರೆ. ಉಂಟು. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಅಂಗರಚನೆ ಮತ್ತು ರೋಗಶಾಸ್ತ್ರದ ಸಂಗ್ರಹಾಲಯ ನಮ್ಮ ಹೆಮ್ಮೆ. ಸಾವಿರಾರು ಮಾದರಿಗಳನ್ನು ಗಾಜಿನ ಜಾಡಿಗಳಲ್ಲಿ ಅಚ್ಚುಕಟ್ಟಾಗಿ ಇಟ್ಟಿದ್ದಾರೆ, ಸಾಮಾನ್ಯರಿಗೂ ಪ್ರವೇಶವಿದೆ. ಬೀಡಿ ಸಿಗರೇಟು ಶ್ವಾಸಕೋಶವನ್ನು ಏನು ಮಾಡುತ್ತದೆಂದು ಒಂದು ಭಾಷಣಕ್ಕಿಂತ ಚೆನ್ನಾಗಿ ಆ ಜಾಡಿ ಹೇಳುತ್ತದೆ. ಆದರೆ ಅದು ದೇಹದ ಪಾಠ. ನಮ್ಮ ಊರಿಗೆ ಯಾವ ರೋಗ ಯಾವಾಗ ಬಂತು, ಯಾರು ಸತ್ತರು, ಯಾರು ಆರೈಕೆ ಮಾಡಿದರು, ಜನ ಹೇಗೆ ಸಹಿಸಿದರು ಎನ್ನುವುದು ಬೇರೆಯೇ ಪಾಠ. ಅದಕ್ಕೆ ನಮ್ಮಲ್ಲಿ ಮನೆಯಿಲ್ಲ.

ಹೇಳಲು ಕಥೆಯಿಲ್ಲ ಎನ್ನುವಂತಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಬೇರು 1848ರದ್ದು. ಕಂಕನಾಡಿಯಲ್ಲಿ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1902ರಲ್ಲಿ ಪ್ಲೇಗಿನವರಿಗೆ ಆಸ್ಪತ್ರೆ ಮಾಡಿದರು. ಹೋಮಿಯೋಪಥಿಯ ಗುಣದ ಬಗ್ಗೆ ನನಗೆ ನಂಬಿಕೆಯಿಲ್ಲ, ಆದರೆ ಮನೆಯವರೇ ಮುಟ್ಟದಿದ್ದ ರೋಗಿಗಳನ್ನು ಮುಟ್ಟಿದವರ ಬಗ್ಗೆ ಎರಡು ಮಾತಿಲ್ಲ. ಉಡುಪಿಯಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಲೊಂಬಾರ್ಡ್ ಆಸ್ಪತ್ರೆಯನ್ನು 1923ರಲ್ಲಿ ಆರಂಭಿಸಿದವರು ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ. ನೂರು ವರ್ಷದ ಹಿಂದೆ ಒಬ್ಬಳು ಹೆಂಗಸು ಡಾಕ್ಟರಾಗಿ ಬಂದು ಕೂತಾಗ ನಮ್ಮ ಅಜ್ಜಿಯಂದಿರಿಗೆ ಏನನ್ನಿಸಿರಬಹುದು! ಉಡುಪಿ ಹತ್ತಿರದ ಕುತ್ಪಾಡಿಯ ಆಯುರ್ವೇದ ಕಾಲೇಜು 1958ರದ್ದು. ಡಾಕ್ಟರ್ ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ತೆರೆದಾಗ, ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ಸರ್ಕಾರಿ ವೆನ್ಲಾಕಿನಲ್ಲಿ. ದೇಶದ ಮೂಲೆಮೂಲೆಗೆ ಹೋದ ಎಷ್ಟೋ ಡಾಕ್ಟರುಗಳಿಗೆ ಮೊದಲ ಪಾಠ ಹೇಳಿದವರು ಆ ವಾರ್ಡುಗಳ ಬಡ ರೋಗಿಗಳು. ಅವರ ಬಗ್ಗೆ ಒಂದು ಸಾಲು ಎಲ್ಲಾದರೂ ಗೋಡೆಯ ಮೇಲೆ ಬರೆದದ್ದನ್ನು ನಾನು ಕಂಡಿಲ್ಲ.

1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ನಮ್ಮ ಕಾಯಿಲೆಗಳ ಅಂಕಿಗಳು ಮದ್ರಾಸ್ ಪ್ರಾಂತ್ಯದ ಲಸಿಕೆ ವರದಿ, ಸ್ಯಾನಿಟರಿ ಕಮಿಷನರ್ ವರದಿಗಳಲ್ಲಿ ಸೌತ್ ಕೆನರಾ ಎಂಬ ಹೆಸರಿನಡಿ ಕೂತಿವೆ. ಅವುಗಳ ಪ್ರತಿಗಳು ಇಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಇಂಡಿಯಾದ ಇಂಥ ವರದಿಗಳನ್ನು ಅಂತರ್ಜಾಲದಲ್ಲೂ ಹಾಕಿದೆ. ಸಿಡುಬಿಗೆ ಎಷ್ಟು ಮಂದಿ, ಕಾಲರಾಕ್ಕೆ ಎಷ್ಟು ಮಂದಿ, ಎಷ್ಟು ಮಕ್ಕಳಿಗೆ ದಾಕು (ಸಿಡುಬಿನ ಲಸಿಕೆ) ಹಾಕಿದರು ಎಂದು ಸಾಲು ಸಾಲಾಗಿ ಸಿಗುತ್ತದೆ. ಆ ಸಾಲುಗಳಲ್ಲಿ ಯಾರ ಮುಖವೂ ಇಲ್ಲ.

ಮುಖ ಇರುವುದು ಊರಿನಲ್ಲಿ. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂಬ ತುಳು ತಿಂಗಳುಗಳಲ್ಲಿ ವರ್ಷಕ್ಕೆ ಮೂರು ಸಲ ಮಾರಿಪೂಜೆ ನಡೆಯುತ್ತದೆ. ಆಟಿ ತಿಂಗಳಲ್ಲಿ ತಾಳೆಗರಿಯ ಕೊಡೆ ಹಿಡಿದು ಮನೆಮನೆಗೆ ಬರುವ ಕಳಂಜ ಎಂಬ ವೇಷಧಾರಿ, ಊರಿನ ಮಾರಿಯನ್ನು, ಅಂದರೆ ರೋಗರುಜಿನವನ್ನು ಕಳೆಯುತ್ತಾನೆ. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು, ಆದರೆ ಆ ಭಯ ಹೇಗಿತ್ತೆಂಬುದು ಈ ಆಚರಣೆಗಳಲ್ಲಿ ಉಳಿದಿದೆ. ಇನ್ನು ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ. ಬೆಳಕು ಹರಿಯುವ ಮುಂಚೆ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಮಾಡಿದ ಆ ಕಹಿಯನ್ನು ಇವತ್ತಿಗೂ ಮನೆಮಂದಿಯೆಲ್ಲ ಕುಡಿಯುತ್ತಾರೆ. ಲಂಡನ್ನಿನ ಅಟ್ಟದ ಸೊಪ್ಪುಗಳನ್ನು ಯಾರೂ ಕುಡಿಯುವುದಿಲ್ಲ, ಅವು ನೋಡಲಷ್ಟೇ. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಶ್ರೀಮಂತರು.

ಆದರೂ ಔಷಧದ ಕೆಲಸ ಮಾಡುವ ನನಗೆ ಒಂದು ದಿಗಿಲಿದೆ. ಹಾಲೆ ಮರವನ್ನು ಸರಿಯಾಗಿ ಗುರುತಿಸಬಲ್ಲವರು ಕಡಿಮೆಯಾಗುತ್ತಿದ್ದಾರೆ. ಕತ್ತಲಲ್ಲಿ ಕಾಸರಕ ಎಂಬ ಬೇರೆ ಮರದ ತೊಗಟೆ ಕೈಗೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಸೆಳವು ಬರಿಸಿ ಉಸಿರು ನಿಲ್ಲಿಸುವ ವಿಷ. ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ ಒಂದು ತಲೆಮಾರಿನಲ್ಲಿ ತುಂಡಾದರೆ ಆಚರಣೆ ಉಳಿದು ಅರಿವು ಹೋಗುತ್ತದೆ. ಎರಡೂ ತೊಗಟೆಯನ್ನು ಅಕ್ಕಪಕ್ಕ ಇಟ್ಟು, ಮುಟ್ಟಿ ನೋಡಿ, ಎಲೆ ನೋಡಿ ಎಂದು ಮಕ್ಕಳಿಗೆ ತೋರಿಸುವ ಒಂದು ಮೇಜು ಮಂಗಳೂರಿನಲ್ಲಿ ಇರಬಾರದೇ?

ಬೆಳ್ತಂಗಡಿಯ ಕಥೆಯಂತೂ ಬರೆಯಲೇಬೇಕು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. 1982-83ರಲ್ಲಿ ಅದು ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆಯ ಕಡೆ ಜೋರಾಗಿ ಎದ್ದಿತು. ಗೇರು ತೋಟಕ್ಕೆಂದು ಕಾಡು ಕಡಿದಿದ್ದರು, ಈ ರೋಗ ಹರಡುವ ಉಣುಗುಗಳು ಮನುಷ್ಯರಿಗೆ ಹತ್ತಿದವು. ಜ್ವರದಲ್ಲಿ ಜನ ಸತ್ತರು. ಮುಂದೆ ಗೇರು ಬೆಳೆಯಿತು. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೊಕ್ಕಡ, ಪಟ್ರಮೆ, ನಿಡ್ಲೆ ಎಂಬ ಹೆಸರುಗಳು ಮತ್ತೆ ಪತ್ರಿಕೆಗೆ ಬಂದವು, ಈ ಸಲ ಎದ್ದು ಕೂರಲಾಗದ ಮಕ್ಕಳ ಪಟಗಳ ಜೊತೆ. ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿದ್ದು 2011ರಲ್ಲಿ. ಅವೇ ಊರುಗಳು, ಅದೇ ಗೇರು, ಎರಡು ಸಂಕಟ. ಇದನ್ನು ಒಂದೇ ಗೋಡೆಯ ಮೇಲೆ, ನಕ್ಷೆ ಮತ್ತು ವರ್ಷಗಳ ಸಮೇತ ಯಾರೂ ಜೋಡಿಸಿ ಇಟ್ಟಿಲ್ಲ. ಇಡುವುದಾದರೆ ಆ ಮನೆಗಳ ತಾಯಂದಿರನ್ನು ಕೇಳಿಯೇ ಇಡಬೇಕು, ಯಾವ ಪಟ ಇರಬೇಕು ಯಾವುದು ಬೇಡ ಎಂದು ಅವರೇ ಹೇಳಬೇಕು. ಬರ್ನ್‌ಗೆ ಆದದ್ದು ನಮ್ಮವರಿಗೆ ಆಗಬಾರದು.

ಇದಕ್ಕೆಲ್ಲ ಹೊಸ ಕಟ್ಟಡ ಬೇಡ. ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ಮ್ಯೂಸಿಯಂ ಇರುವ ಆ ಹಡಗಿನಾಕಾರದ ಮನೆ ಕರ್ನಲ್ ಮಿರಾಜ್ಕರ್ ಅವರದ್ದು. ತಾಯಿಯ ನೆನಪಿಗೆ ಅದನ್ನು ಸರ್ಕಾರಕ್ಕೆ ದಾನ ಕೊಟ್ಟರು, 1960ರಲ್ಲಿ ಮ್ಯೂಸಿಯಂ ಆಯಿತು. ಅವರು ಸರ್ಜನ್. ಸರ್ಜನ್ನರ ಮನೆಯಲ್ಲಿ ವಿಗ್ರಹ, ನಾಣ್ಯ, ಆಯುಧಗಳ ನಡುವೆ ಕರಾವಳಿಯ ಆರೋಗ್ಯಕ್ಕೆ ಒಂದು ಕೋಣೆ ಬಿಟ್ಟುಕೊಡುವುದು ದಾನಿಗೂ ಮರ್ಯಾದೆ. ಇರುವ ಆಸ್ಪತ್ರೆಗೇ ಹಾಸಿಗೆ ಸಾಲದಿರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ನಾನು ಮಂಗಳೂರಿನ ಮಲೇರಿಯಾ ತೋರಿಸುತ್ತೇನೆ. 1990ರ ದಶಕದಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದಾಗ, ಕಟ್ಟುವ ಜಾಗಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿ ಊರಿಡೀ ಜ್ವರ ಹಬ್ಬಿತು. ಮೂವತ್ತು ವರ್ಷದ ಹಿಂದಿನ ಆ ಪಾಠವನ್ನು ಇವತ್ತಿನ ಕಂತ್ರಾಟುದಾರನಿಗೆ ಯಾರು ಹೇಳಬೇಕು?

ಕೂಡಿಸಬೇಕಾದ್ದು ದಿನದಿನಕ್ಕೆ ಕಡಿಮೆಯಾಗುತ್ತಿದೆ. ನಮ್ಮ ಊರಿನ ಹಳೆಯ ಡಾಕ್ಟರು ತೀರಿಕೊಂಡು ಕ್ಲಿನಿಕ್ಕು ಮುಚ್ಚಿದಾಗ ಅವರ ರೋಗಿಗಳ ಪುಸ್ತಕಗಳು, ತಕ್ಕಡಿ, ಕಂಪೌಂಡರ್ ಡೋಸಿನ ಚೀಟಿ ಕತ್ತರಿಸಿ ಅಂಟಿಸುತ್ತಿದ್ದ ಮಿಕ್ಶ್ಚರ್ ಬಾಟಲಿಗಳು, ಎಲ್ಲವೂ ಗುಜರಿಯವರ ಟೆಂಪೋ ಹತ್ತಿದವು. ಇಂಥ ಮನೆ ಪ್ರತಿ ಪೇಟೆಯಲ್ಲೂ ಇದೆ. ಜಿಲ್ಲಾ ಆಡಳಿತ ಮೊದಲು ಮಾಡಬೇಕಾದ್ದು ಸರ್ಕಾರಿ ಆಸ್ಪತ್ರೆಗಳ ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕದಂತೆ ಒಂದು ಆದೇಶ. ಆಮೇಲೆ ವೆನ್ಲಾಕ್, ಲೇಡಿಗೋಷನ್, ಕಂಕನಾಡಿ, ಉಡುಪಿ ಮಿಷನ್ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ನರ್ಸಮ್ಮಂದಿರು, ಆಯಾಗಳು, ಕಂಪೌಂಡರುಗಳ ಮಾತನ್ನು ಅವರದೇ ತುಳು, ಕೊಂಕಣಿ, ಬ್ಯಾರಿ, ಕನ್ನಡದಲ್ಲಿ ಧ್ವನಿಮುದ್ರಣ ಮಾಡಬೇಕು. ಇದಕ್ಕೆ ಒಂದು ಮೊಬೈಲು ಮತ್ತು ಕೇಳುವ ತಾಳ್ಮೆ ಇರುವ ನಾಲ್ಕು ಕಾಲೇಜು ಮಕ್ಕಳು ಸಾಕು. ಅರುವತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತರ ಆಸುಪಾಸು, ಆದ್ದರಿಂದ ಬರುವ ಮಳೆಗಾಲದ ಮೊದಲೇ ಶುರುವಾಗಬೇಕು. ಇಲ್ಲಿನ ವರದಿಗಳಲ್ಲಿ ಸೌತ್ ಕೆನರಾದ ಪುಟಗಳನ್ನು ಹುಡುಕಿ ಕಳಿಸುವ ಕೆಲಸ ನಾನು ಮಾಡುತ್ತೇನೆ.